ಅಮ್ಮನಿಗೆ ದಾವಣಗೆರೆಯಲ್ಲೇ ಚಿಕಿತ್ಸೆ ಕೊಡಿಸಬಹುದಾ?

ಮೇಡಂ, ತಾಯಿಗೆ ಅಲ್ಝೈಮರ್ (ಮರೆವಿನ ಕಾಯಿಲೆ) ಅಂದಿದ್ದಾರೆ, ಪ್ರತಿ ಸಲ ಬೆಂಗಳೂರಿಗೇ ಕರ್ಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಒಮ್ಮೆ ನಿಮ್ಹಾನ್ಸ್‌ನಲ್ಲಿ ತೋರಿಸಿ ಔಷಧಿ ಗೊತ್ತಾದರೆ, ಮುಂದಿನದ್ದನ್ನು ಊರಲ್ಲಿರೋ ನರರೋಗ ಅಥವಾ ಮನೋರೋಗ ತಜ್ಞರೇ ನೋಡಿಕೊಳ್ಳಬಹುದು. ನಿಮ್ಮೂರಿನ ಜಿಲ್ಲಾಸ್ಪತ್ರೆ ಚಿಗಟೇರಿಯಲ್ಲಿ ಮೊದಲು ವಿಚಾರಿಸಿ. ಥೈರಾಯ್ಡ್, ಬಿ12 ಪರೀಕ್ಷೆ ಆಗಿಲ್ಲ ಅಂದ್ರೆ ಕೇಳಿ ಮಾಡಿಸಿ, ಅವು ಕಡಿಮೆಯಿದ್ದರೂ ಮರೆವು ಹೆಚ್ಚುತ್ತೆ. ಈ ಕಾಯಿಲೆಗೆ ಕೊಡೋ ಡೊನೆಪೆಜಿಲ್ ಮಾತ್ರೆಯಿಂದ ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಆಗುತ್ತೆ, ಕಾಯಿಲೆ ವಾಸಿಯಾಗಲ್ಲ. ಪೂರ್ತಿ ಗುಣ ಮಾಡ್ತೀವಿ ಅನ್ನೋರಿಗೆ ದಯವಿಟ್ಟು ದುಡ್ಡು ಸುರೀಬೇಡಿ.

ಸಂಜೆ "ನಮ್ಮನೆಗೆ ಹೋಗ್ತೀನಿ" ಅಂತ ಹಟ ಹಿಡೀತಾರೆ ಅಂದಿರಲ್ಲ, ಆಗ ಇದೇ ನಿಮ್ಮನೆ ಅಂತ ವಾದಕ್ಕೆ ಇಳೀಬೇಡಿ. "ಹೋಗೋಣಮ್ಮ, ಇದಿಷ್ಟು ಬಿಡಿಸಿಕೊಡು" ಅಂತ ಅವರೆಕಾಯಿ ಮೊರ ಮುಂದಿಡಿ. ಕೈಗೆ ರೂಢಿಯಿರೋ ಕೆಲಸ ಸಿಕ್ಕರೆ ಎಷ್ಟೋ ಸಲ ಗಾಬರಿ ಇಳಿಯುತ್ತೆ. ಕತ್ತಲಾಗೋ ಮುಂಚೆನೇ ಲೈಟ್ ಹಾಕಿ. ಗೊಂದಲ ಏಕಾಏಕಿ ಜಾಸ್ತಿಯಾದರೆ ಮೂತ್ರದ ಸೋಂಕೂ ಕಾರಣ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.

ನಿಮಗೇ ತಡೆಯೋಕಾಗದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ತಮ್ಮನಿಗೂ ಪಾಳಿ ಹಚ್ಚಿ ಮೇಡಂ, ಒಬ್ಬರೇ ಹೊತ್ತರೆ ನೀವೇ ಹಾಸಿಗೆ ಹಿಡೀತೀರಿ.