ರಾಣಿಗೆ ಮಂತ್ರಿ ಬರೆದ ಪತ್ರ

ಪ್ರಶ್ನೆ: ಬ್ರಿಟನ್ನಿನ ಪ್ರಧಾನಿ ಪಾರ್ಲಿಮೆಂಟಿನಲ್ಲಿ ನಡೆದದ್ದನ್ನೆಲ್ಲ ರಾಣಿಗೆ ಪತ್ರ ಬರೆದು ತಿಳಿಸುತ್ತಿದ್ದರಂತೆ, ಹೌದಾ? ನಮ್ಮ ಪ್ರಧಾನಿಗೂ ಈ ಕೆಲಸ ಇದೆಯೇ?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಹೌದು ಮಾರಾಯ್ರೆ, ಬರೆಯುತ್ತಿದ್ದರು. ನಮ್ಮ ಯಕ್ಷಗಾನದ ಒಡ್ಡೋಲಗದಲ್ಲಿ ರಾಜ ಕೇಳುತ್ತಾನೆ, ಮಂತ್ರಿ ಎದುರೇ ನಿಂತು ರಾಜ್ಯದ ಸುದ್ದಿ ಹೇಳುತ್ತಾನೆ. ಅಲ್ಲಿ ಹಾಗಾಗುವುದಿಲ್ಲ. 1642ರಲ್ಲಿ ಒಂದನೇ ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಹಿಡಿಯಲು ಸೈನಿಕರ ಸಮೇತ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಗೆ ನುಗ್ಗಿದ. ಆಮೇಲೆ ಆ ಸಭೆಯ ಕಲಾಪಕ್ಕೆ ರಾಜ, ರಾಣಿ ಯಾರೂ ಕಾಲಿಡುವ ಪದ್ಧತಿಯಿಲ್ಲ. ಒಳಗೆ ಏನಾಯ್ತು ಅಂತ ಯಾರಾದರೂ ಬರೆದೇ ತಿಳಿಸಬೇಕಲ್ಲ!

ಬರೆಯುವವರು ಯಾವಾಗಲೂ ಪ್ರಧಾನಿಯೇ ಅಲ್ಲ. 1852ರಲ್ಲಿ ಪ್ರಧಾನಿ ಲಾರ್ಡ್ ಡರ್ಬಿ ಕೂರುತ್ತಿದ್ದದ್ದು ಮೇಲ್ಮನೆಯಲ್ಲಿ. ಹಾಗಾಗಿ ಕಾಮನ್ಸ್ ಸುದ್ದಿಯನ್ನು ವಿಕ್ಟೋರಿಯಾ ರಾಣಿಗೆ ಬರೆದವರು ಹಣಕಾಸು ಮಂತ್ರಿ ಡಿಸ್ರೇಲಿ. ಮೊದಲೇ ಕಾದಂಬರಿಕಾರ. ಯಾರು ಹೇಗೆ ಮಾತಾಡಿದ, ಯಾರ ಮುಖ ಬಾಡಿತು, ಎಲ್ಲ ಬಣ್ಣ ಕಟ್ಟಿ ಬರೆಯುತ್ತಿದ್ದರು. ಹೊಗಳಿಕೆಯೂ ಧಾರಾಳ. ಗ್ಲಾಡ್‌ಸ್ಟನ್ ಪ್ರಧಾನಿಯಾದಾಗ ಬರೆದ ಪತ್ರಗಳು ಉದ್ದ, ಒಣ ಒಣ. ರಾಣಿಗೆ ಬೇಜಾರು.

ಶಿರಸಿಯಲ್ಲಿ ಗುಮಾಸ್ತನಾಗಿ ಆವಕ-ಜಾವಕ ರಜಿಸ್ಟರ್ ಬರೆದು ನಿವೃತ್ತನಾದ ನನಗೆ ಮಾತ್ರ ಗ್ಲಾಡ್‌ಸ್ಟನ್ ಪತ್ರವೇ ಇಷ್ಟ. ಏಕೆಂದರೆ ಪ್ರಧಾನಿ ಪಾರ್ಲಿಮೆಂಟಿನ ಸುದ್ದಿಯಲ್ಲದೆ ಸಂಪುಟದ ಸುದ್ದಿಯನ್ನೂ ದೊರೆಗೆ ಬರೆಯುತ್ತಿದ್ದರು, 1916ರವರೆಗೆ ಅಲ್ಲಿನ ಸಂಪುಟ ಸಭೆಗೆ ನಡಾವಳಿ ಪುಸ್ತಕವೇ ಇರಲಿಲ್ಲ! ಏನು ತೀರ್ಮಾನವಾಯ್ತು ಎಂಬುದಕ್ಕೆ ಪ್ರಧಾನಿ ದೊರೆಗೆ ಬರೆದ ಪತ್ರವೇ ದಾಖಲೆ. ಮೂಲ ಪತ್ರ ಅರಮನೆಗೆ ಹೋಯಿತು. ಉಳಿದ ಮಂತ್ರಿಗಳು ನೆನಪಿನ ಮೇಲೆ ಕೆಲಸ ನಡೆಸಬೇಕು. ಮೊದಲ ಮಹಾಯುದ್ಧದ ನಡುವೆ ಲಾಯ್ಡ್ ಜಾರ್ಜ್ ಪ್ರಧಾನಿಯಾದ ಮೇಲೆ ಮಾರಿಸ್ ಹ್ಯಾಂಕಿ ಎಂಬ ಅಧಿಕಾರಿ ಕೂತು ನಡಾವಳಿ ಬರೆಯತೊಡಗಿದರು.

ಪಾರ್ಲಿಮೆಂಟಿನ ವರದಿಯನ್ನು ಈಗ ದೊರೆಗೆ ಕಳಿಸುವವರು ಆಡಳಿತ ಪಕ್ಷದ ಒಬ್ಬ ಸಂಸದರು, ವೈಸ್ ಚೇಂಬರ್ಲೇನ್ ಅಂತ ಹುದ್ದೆ. ದೊರೆ ಅಧಿವೇಶನ ಉದ್ಘಾಟನೆಗೆ ಮೇಲ್ಮನೆಗೆ ಬಂದ ದಿನ, ಕ್ಷೇಮವಾಗಿ ಮರಳುವವರೆಗೆ ಇವರನ್ನೇ ಅರಮನೆಯಲ್ಲಿ ಒತ್ತೆಯಾಳಾಗಿ ಇಟ್ಟುಕೊಳ್ಳುತ್ತಾರೆ. ಸುಮ್ನೆ ಸಂಪ್ರದಾಯಕ್ಕೆ. ಚಹಾ-ಗಿಹಾ ಸಿಗುತ್ತದೆ ಅಂದುಕೊಳ್ಳೋಣ.

ಇನ್ನು ನಮ್ಮ ದೇಶ. ಸಂವಿಧಾನದ 78ನೇ ವಿಧಿ ನೋಡಿ. ಸಂಪುಟದ ತೀರ್ಮಾನಗಳನ್ನು, ಮಂಡಿಸಲಿರುವ ಮಸೂದೆಗಳ ವಿಷಯವನ್ನು ರಾಷ್ಟ್ರಪತಿಗೆ ತಿಳಿಸುವುದು ಪ್ರಧಾನಿಯ ಕರ್ತವ್ಯ. ರಾಷ್ಟ್ರಪತಿ ಮಾಹಿತಿ ಕೇಳಿದರೆ ಕೊಡಲೇಬೇಕು. ಪತ್ರದಲ್ಲೇ ತಿಳಿಸಬೇಕು ಎಂದೇನಿಲ್ಲ. 1987ರಲ್ಲಿ ಜೈಲ್ ಸಿಂಗ್ ಮತ್ತು ರಾಜೀವ್ ಗಾಂಧಿ ನಡುವೆ ಜಟಾಪಟಿ ಆದದ್ದು ಇದೇ ವಿಧಿಯ ಮೇಲೆ. ತನಗೆ ಸರಿಯಾಗಿ ಮಾಹಿತಿ ಬರುತ್ತಿಲ್ಲ ಎಂದು ರಾಷ್ಟ್ರಪತಿಯೇ ಪ್ರಧಾನಿಗೆ ಪತ್ರ ಬರೆದರು. ರಾಜ್ಯದ ಮುಖ್ಯಮಂತ್ರಿ ರಾಜ್ಯಪಾಲರಿಗೆ ತಿಳಿಸಬೇಕಾದದ್ದು 167ನೇ ವಿಧಿಯಲ್ಲಿದೆ.