ಕಂದು ಪದಕ ನಕಲಿಯಲ್ಲ, ಅದರ ಅಂಚು ಓದಿ

ಪ್ರಶ್ನೆ: ಮುತ್ತಜ್ಜನ ಟ್ರಂಕಿನಲ್ಲಿ ಒಂದು ದುಂಡನೆಯ ಪದಕ ಸಿಕ್ಕಿದೆ. ಒಂದು ಕಡೆ ರಾಜನ ತಲೆ. ಇನ್ನೊಂದು ಕಡೆ ಕುದುರೆ ಮೇಲೆ ಬತ್ತಲೆ ಸವಾರ, 1914 ಮತ್ತು 1918 ಎಂಬ ಇಸವಿ. ಅವರು ಬಸ್ರಾಕ್ಕೆ ಹೋಗಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಅಕ್ಕಸಾಲಿಗರಿಗೆ ತೋರಿಸಿದರೆ, 'ಇದು ಬೆಳ್ಳಿಯದಾಗಿರಬೇಕಿತ್ತು, ಬರೀ ಕಂಚು, ನಕಲಿ' ಅಂದರು. ನಿಜವೇ? ಉಜ್ಜಿ ಬೆಳಗಿಸಬಹುದೇ?
- ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಕಂಚು ಅಂದ ಮಾತ್ರಕ್ಕೆ ನಕಲಿ ಅಲ್ಲ. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.

ನೀವು ಹೇಳಿದ್ದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಅಗಲ 36 ಮಿಲಿಮೀಟರ್, ಸ್ಕೇಲ್ ಇಟ್ಟು ನೋಡಿ. ತಲೆ ಐದನೇ ಜಾರ್ಜ್‌ನದು. ಸವಾರನ ಕುದುರೆ ತುಳಿಯುತ್ತಿರುವುದು ಹದ್ದಿನ ಚಿತ್ರವಿರುವ ಗುರಾಣಿ. ಅದು ಆಗಿನ ಜರ್ಮನಿಯ ಪ್ರಶ್ಯ ರಾಜ್ಯದ ಹದ್ದು. ಇಸವಿ ಯುದ್ಧದ್ದು, ಪದಕದ್ದಲ್ಲ. ಇದನ್ನು ಸ್ಥಾಪಿಸಿದ್ದೇ 1919ರಲ್ಲಿ. ನಿಮ್ಮ ಮುತ್ತಜ್ಜ ಊರಿಗೆ ಬಂದ ಮೇಲೆ ಕೈಸೇರಿರಬೇಕು.

ಬೆಳ್ಳಿಯವು ಸುಮಾರು 65 ಲಕ್ಷ, ಕಂಚಿನವು ಬರೀ 1 ಲಕ್ಷ 10 ಸಾವಿರದಷ್ಟು. ಕಂಚಿನದು ಹೆಚ್ಚಾಗಿ ಚೀನಾ, ಮಾಲ್ಟಾ ಮತ್ತು ಭಾರತದಿಂದ ಹೋದ ಕೂಲಿ ಪಡೆಗಳವರಿಗೆ. ಬಸ್ರಾ ಕಡೆ, ಅಂದರೆ ಈಗಿನ ಇರಾಕ್‌ನಲ್ಲಿ, ಇಲ್ಲಿಂದ ಹೋದ ಲೇಬರ್ ಕೋರ್, ಪೋರ್ಟರ್ ಕೋರ್‌ನವರು ಹಡಗಿನ ಸಾಮಾನು ಇಳಿಸಿದರು, ದಾರಿ ಹಾಕಿದರು, ಹೊರೆ ಹೊತ್ತರು. ಆ ಬಿಸಿಲಲ್ಲಿ ಸುಮ್ನೆ ನಿಲ್ಲೋದೇ ಕಷ್ಟ, ಅಲ್ವಾ? ಒಂದೇ ಯುದ್ಧ, ಒಂದೇ ಅಚ್ಚು. ಹೋರಾಡಿದವನಿಗೆ ಬೆಳ್ಳಿ, ಹೊರೆ ಹೊತ್ತವನಿಗೆ ಕಂಚು. ನನಗೆ ಇದು ಇವತ್ತಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಆದರೂ ನಿಮ್ಮ ಪದಕ ಯಾರದ್ದು ಅಂತ ಹೇಳುವುದು ಅಂಚು. ಅಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಇಂಗ್ಲಿಷ್‌ನಲ್ಲಿ ಒತ್ತಿರುತ್ತಾರೆ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿ, ನೆರಳಿನಲ್ಲಿ ಅಕ್ಷರ ಎದ್ದು ಬರುತ್ತದೆ. ತೆಳು ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್‌ನಿಂದ ಹಗುರವಾಗಿ ಉಜ್ಜಿದರೂ ಆದೀತು. ಅಂಚನ್ನು ಅರ ಹಾಕಿ ಹೆಸರು ಅಳಿಸಿದ್ದರೆ ತೋರುಬೆರಳಿಗೆ ಒಂದು ಕಡೆ ತಗ್ಗು ಸಿಗುತ್ತದೆ.

ಬೆಳಗಿಸುವುದು ಮಾತ್ರ ಬೇಡವೇ ಬೇಡ. ನಮ್ಮಮ್ಮ ತಾತನ ಪದಕವನ್ನು ಪ್ರತಿ ದೀಪಾವಳಿಗೂ ದೀಪದ ಕಂಬದ ಜೊತೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು, ಪ್ರೀತಿಯಿಂದಲೇ. ಈಗ ರಾಜನ ಮೂಗು ಸವೆದು ನುಣುಪಾಗಿದೆ. ಅಂಚಿನಲ್ಲಿ ತಾತನ ಹೆಸರಿನ ಮೊದಲೆರಡು ಅಕ್ಷರ ಉಳಿದಿವೆ, ಅಷ್ಟೇ. ಪಡೆ ಯಾವುದು ಅಂತ ನಮಗೆ ಗೊತ್ತಾಗಲೇ ಇಲ್ಲ. ಆ ಕಂದು ಬಣ್ಣವೇ ನಿಮ್ಮ ಪದಕದ ಮೇಲಿನ ಹೊದಿಕೆ. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ರಿಬ್ಬನ್ ಇದ್ದರೆ ನೋಡಿ, ನಡುವೆ ಅಗಲವಾದ ಕಿತ್ತಳೆ, ಎರಡೂ ಬದಿ ಬಿಳಿ, ಕಪ್ಪು, ನೀಲಿ ಗೆರೆ. ಹರಿದಿದ್ದರೂ ಎಸೆಯಬೇಡಿ.

ಪೆನ್ಸಿಲ್ ಹಾಕಿದ ಆ ಕಾಗದವನ್ನು ನಮಗೆ ಕಳಿಸಿ, ಪದಕ ಮನೆಯಲ್ಲೇ ಇರಲಿ. ಅಜ್ಜಿ ಹೇಳಿದ್ದನ್ನೂ ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದಿಡಿ. 'ಬಸ್ರಾ' ಅನ್ನುವ ಆ ಒಂದು ಪದದಿಂದಲೇ ನಾನು ಹುಡುಕಾಟ ಶುರು ಮಾಡುತ್ತೇನೆ.