ಬಾಣೆಯ ಕೆಳಗಿನ ಬಿಸಿ ಯಾರಿಗೆ ಸೇರಿದ್ದು?

ಪ್ರಶ್ನೆ: ಕೊಯ್ಲಿನ ಹೊತ್ತಿಗೆ ಮಳೆ ಬಂದು ಕಣದಲ್ಲಿ ಹರಡಿದ ಕಾಫಿ ಹಾಳಾಗುವುದು ನಮಗೆ ಮಾಮೂಲಾಗಿದೆ. ಭೂಮಿಯಾಳದ ಶಾಖದ ಬಳಕೆಗೆ ಕೇಂದ್ರ ಸರ್ಕಾರ ನೀತಿ ತಂದಿದೆಯೆಂದು ಓದಿದೆ. ಇಲ್ಲಿ ಕೊರೆದು ಆ ಶಾಖದಿಂದ ಕಾಫಿ ಒಣಗಿಸಬಹುದೇ? ಜಮ್ಮಾ ಬಾಣೆಯ (ಕೊಡಗಿನಲ್ಲಿ ಗದ್ದೆಯ ಜೊತೆಗೆ ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಮೀನು) ಕೆಳಗಿನ ಬಿಸಿಯ ಹಕ್ಕು ಯಾರದು?
— ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಮೊದಲನೆಯದಕ್ಕೆ ಉತ್ತರ ನಿರಾಶಾದಾಯಕ. ಲಡಾಖಿನ ಪೂಗಾ ಕಣಿವೆಯಲ್ಲಿ ಕೆಲವೇ ನೂರು ಮೀಟರ್ ಆಳದಲ್ಲಿ ನೂರು ಡಿಗ್ರಿ ದಾಟಿದ ಬಿಸಿ ಸಿಗುತ್ತದೆ. ಅದು ಎರಡು ಭೂಖಂಡಗಳು ಢಿಕ್ಕಿಯಾಗುತ್ತಿರುವ ಎಳೆಯ ನೆಲ. ಕೊಡಗಿನ ಬಂಡೆಯಾದರೋ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು, ತಣಿದದ್ದು. ಪುತ್ತೂರಿನ ಬಳಿ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಬೆಚ್ಚಗಿನ ನೀರು ಉಕ್ಕುತ್ತದೆ ನಿಜ, ಆದರೆ ಅದು ಮೀಯಲು ಹಿತವಾದ ಬಿಸಿ, ಅಷ್ಟೆ. ನಮ್ಮ ರಾಜ್ಯದ ಹಳೆಯ ಗಟ್ಟಿಶಿಲೆಯ ಆಳ ಎಷ್ಟು ಬಿಸಿಯೆಂಬುದನ್ನು ಮೈಯಾರೆ ಅರಿತವರು ಕೋಲಾರದ ಚಿನ್ನದ ಗಣಿಯ ಕಾರ್ಮಿಕರು. ಅಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ಕೊಡಗಿಗೂ ಅದೇ ಲೆಕ್ಕ ಹಿಡಿದರೆ, ಕಾಫಿ ಒಣಗಿಸುವ ಬಿಸಿಗೇ ಮೂರು ಕಿಲೋಮೀಟರ್ ಕೊರೆಯಬೇಕು. ವಿದ್ಯುತ್ತಿಗೆ ಬೇಕಾಗುವ 150 ಡಿಗ್ರಿಗೆ ಒಂಬತ್ತು ಹತ್ತು ಕಿಲೋಮೀಟರ್. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 12.26 ಕಿಲೋಮೀಟರಿಗೆ ಇಳಿಯಲು 1970ರಿಂದ ಹತ್ತೊಂಬತ್ತು ವರ್ಷ ಹಿಡಿಯಿತು. ಸದ್ಯಕ್ಕೆ ಕಣದ ಮೇಲೊಂದು ಪಾರದರ್ಶಕ ಚಾವಣಿ ಹಾಕಿಸಿಕೊಳ್ಳುವುದೇ ಜಾಣತನ.

ಹಕ್ಕಿನ ಪ್ರಶ್ನೆ ಹೆಚ್ಚು ಸ್ವಾರಸ್ಯದ್ದು. 2025ರ ಸೆಪ್ಟೆಂಬರಿನಲ್ಲಿ ಹೊರಬಂದದ್ದು ನೀತಿ. ನೀತಿಯೆಂದರೆ ಕಾಯ್ದೆಯಲ್ಲ, ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಮಲಬಾರಿನ ಜನ್ಮಂ (ವಂಶಪಾರಂಪರ್ಯದ ಪೂರ್ಣ ಒಡೆತನದ) ಭೂಮಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ನೆಲದಡಿಯ ಖನಿಜ ಭೂಮಾಲೀಕನದೇ ಎಂದು ಹೇಳಿತು. ಅದನ್ನು ನೇರವಾಗಿ ಇಲ್ಲಿಗೆ ಎಳೆದು ತರಲಾಗದು, ಏಕೆಂದರೆ ಬಾಣೆ ಗದ್ದೆಯ ಸಾಗುವಳಿಗೆ ಅಂಟಿಕೊಂಡು ಬಂದ ಹಿಡುವಳಿ, ಅದರ ಹಕ್ಕುಗಳ ಚರಿತ್ರೆಯೇ ಬೇರೆ. ಅಲ್ಲದೆ ಶಾಖ ಅಗೆದು ಲಾರಿಗೆ ತುಂಬುವ ವಸ್ತುವೂ ಅಲ್ಲ. ಐಸ್‌ಲೆಂಡಿನಲ್ಲಿ ಖಾಸಗಿ ನೆಲದಡಿಯ ಶಾಖ ಭೂಮಾಲೀಕನದು, ಬಳಕೆಗೆ ಮಾತ್ರ ಪರವಾನಗಿ ಬೇಕು. ಜರ್ಮನಿಯ ಗಣಿ ಕಾಯ್ದೆ ಅದನ್ನು ನೆಲದ ಒಡೆತನದಿಂದಲೇ ಬಿಡಿಸಿಟ್ಟಿದೆ. ನ್ಯೂಜಿಲೆಂಡ್ 1953ರಲ್ಲೇ ಅದನ್ನು ಸರ್ಕಾರದ ವಶಕ್ಕೆ ತಂದಿತು. ನನಗೆ ಜರ್ಮನಿಯ ದಾರಿ ಒಪ್ಪಿಗೆ: ನಿಮ್ಮ ತೋಟದಡಿ ಕಾದ ನೀರು ಪಕ್ಕದ ತೋಟದ ಕೊಳವೆಯಿಂದ ಮೇಲೆ ಬರಬಹುದಾದ್ದರಿಂದ ಬೇಲಿಯ ಲೆಕ್ಕ ಅಲ್ಲಿ ನಡೆಯದು. ಆದರೆ ಶಾಖ ಭೂಮಾಲೀಕನದಲ್ಲದಿದ್ದರೂ, ಮೇಲಿನ ನೆಲದ ಬಳಕೆಗೆ ಮತ್ತು ಬತ್ತಿದ ತೋಡಿಗೆ ಬೆಲೆ ಕಟ್ಟುವ ಮಾತು ಕಾಯ್ದೆಯಲ್ಲೇ ಬರೆದಿರಬೇಕು.

ಪ್ರಶ್ನೆ: 2022ರ ಜೂನ್‌ನಲ್ಲಿ ನಮ್ಮೂರಲ್ಲಿ ನೆಲ ನಡುಗಿತ್ತು. ಆಳಕ್ಕೆ ಕೊರೆದರೆ ಭೂಕಂಪವಾಗುವುದು ನಿಜವೇ?
— ಓದುಗರು, ಚೆಂಬು

ಉತ್ತರ: ಕೊರೆಯುವುದರಿಂದಲ್ಲ, ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆಯನ್ನು ಸೀಳುವುದರಿಂದ ಆಗಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಡಿ 2006ರಲ್ಲಿ ಹೀಗೆಯೇ 3.4 ಪ್ರಮಾಣದ ಕಂಪನವಾಗಿ, ಭೂಶಾಖದ ಯೋಜನೆಯನ್ನೇ ಕೈಬಿಡಬೇಕಾಯಿತು. ದಕ್ಷಿಣ ಕೊರಿಯಾದ ಪೊಹಾಂಗಿನಲ್ಲಿ 2017ರ ಏಪ್ರಿಲಿನಲ್ಲಿ ಮೂರನ್ನು ದಾಟಿದ ಕಂಪನವಾದರೂ ಕೆಲವು ತಿಂಗಳ ನಂತರ ನೀರು ನುಗ್ಗಿಸುವ ಕೆಲಸ ಮತ್ತೆ ಶುರುವಾಯಿತು, ನವೆಂಬರಿನಲ್ಲಿ 5.4 ಪ್ರಮಾಣದ ಭೂಕಂಪ ಬಡಿಯಿತು. ಅದಕ್ಕೆ ಅಲ್ಲಿನ ಭೂಶಾಖದ ಯೋಜನೆಯೇ ಕಾರಣವೆಂದು ಸರ್ಕಾರ ನೇಮಿಸಿದ ತಜ್ಞರೇ 2019ರಲ್ಲಿ ಹೇಳಿದರು. ಆದ್ದರಿಂದ ಕಂಪನಮಾಪಕದ ಅಂಕಿಗಳೂ ಕೆಲಸ ನಿಲ್ಲಿಸುವ ಅಧಿಕಾರವೂ ಕೊರೆಯುವ ಕಂಪನಿಯಲ್ಲದೆ ಬೇರೊಂದು ಸಂಸ್ಥೆಯ ಕೈಯಲ್ಲಿರಬೇಕು.

ಕೊಡಗಿನಲ್ಲಾದರೆ ನಾನು ಕಂಪನಕ್ಕಿಂತ ಮೊದಲು ಹೆದರುವುದು ಬೇರೆಯದಕ್ಕೆ. ಆಳಕ್ಕೆ ಕೊರೆಯುವ ಯಂತ್ರವನ್ನು ಸ್ಥಾಪಿಸಲು ಗುಡ್ಡ ಕಡಿದು ಮಟ್ಟ ಮಾಡಬೇಕು, ಭಾರಿ ಲಾರಿಗಳಿಗೆ ರಸ್ತೆ ಸೀಳಬೇಕು. ಅದರ ಅರ್ಥವೇನೆಂದು 2018ರ ಆಗಸ್ಟಿನ ಭೂಕುಸಿತ ಕಂಡ ಮಕ್ಕಂದೂರು, ಮಾದಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ.